ಕಟಪಾಡಿಯ ಹಂಚಿನ ಮನೆಯೋ, ಮಂಗಳೂರಿನ ಫ್ಲ್ಯಾಟೋ? ಅನುಭವ ಇದ್ದವರು ಹೇಳಿ

ಕೇಳಿದವರು: ಮುಂಬಯಿ ಬಳಿಯ ಡೊಂಬಿವಲಿಯಲ್ಲಿ 27 ವರ್ಷ ಇದ್ದು, ಬರುವ ಮಾರ್ಚ್‌ನಲ್ಲಿ ನಿವೃತ್ತಿಯಾಗಿ ಮರಳುತ್ತಿದ್ದೇನೆ. ಉಡುಪಿ ಬಳಿಯ ಕಟಪಾಡಿಯಲ್ಲಿ ಅಮ್ಮನ ಹಂಚಿನ ಮನೆಗೆ ಆರು ವರ್ಷದಿಂದ ಬೀಗ. ಹೆಂಡತಿಗೆ ಮಂಗಳೂರಿನ ಫ್ಲ್ಯಾಟ್ ಬೇಕು. ಮುಂಬಯಿ ಕೊನೆಗೂ ನಮ್ಮದು ಅನ್ನಿಸಲಿಲ್ಲ, ಇನ್ನೊಮ್ಮೆ ಹಾಗಾಗಬಾರದು. ಒಂದು ಜಾಗ ನಮ್ಮದಾಗುವುದು ಯಾವುದರಿಂದ?

ಬ್ರಹ್ಮಾವರದವರು: ರಿಪೇರಿಯ ಮಾತೆತ್ತಿದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಆಚಾರಿಗಳು ಮೂರೂವರೆ ಲಕ್ಷ ಎಂದಿದ್ದರು, ಮುಗಿಯುವಾಗ 8,70,000. ಮಾಡು (ಛಾವಣಿ) ಬಿಚ್ಚಿದ ಮೇಲೆ ತಿಳಿಯಿತು: ಹಂಚು ಹೊರುವ ಮರದ ಪಕ್ಕಾಸುಗಳು ನೋಡಲು ಗಟ್ಟಿ, ಒಳಗೆ ಒರಲೆ (ಗೆದ್ದಲು) ತಿಂದ ಪುಡಿ. ಇಳಿಸಿದ 4,200 ಹಂಚಿನಲ್ಲಿ 900 ಒಡೆದವು. ಕೆಡವಿದ ಮನೆಯೊಂದರ ಹಳೆಯ ಹಂಚು, ಒಂದಕ್ಕೆ 22 ರೂಪಾಯಿಯಂತೆ 19,800. ಟೆಂಪೊ ಬಾಡಿಗೆ 6,500. ಏರಿಸಿ ಇಳಿಸುವ ಕೂಲಿ ಬೇರೆ. ಜೂನ್ 4ಕ್ಕೆ ಮಳೆ ಹಿಡಿಯಿತು, ಅರ್ಧ ಮಾಡು ಟಾರ್ಪಾಲಿನಡಿ. ಅಪ್ಪನ ಮರದ ಪೆಟ್ಟಿಗೆ, ಅದರೊಳಗಿನ ಜಾತಕ, ಜಮೀನಿನ ಕಾಗದ ಎಲ್ಲ ನೆನೆದು ಮುದ್ದೆಯಾದವು. ಅದು ಮನೆಯಾದದ್ದು ಆ ವರ್ಷದ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್). ನೆರೆಯ ಅಕ್ಕ ಮರಕೆಸುವಿನ ಎಲೆ ಹಿಡಿದು ಹಿಂಬಾಗಿಲಿನಿಂದ ನೇರ ಅಡುಗೆಮನೆಗೇ ಬಂದರು. ಅಲ್ಲಿಯವರೆಗೆ ಅಂಗಳದಲ್ಲಿ ನಿಂತು ಮಾತನಾಡಿ ಹೋಗುತ್ತಿದ್ದರು. ಫ್ಲ್ಯಾಟಿಗೆ ಹಿಂಬಾಗಿಲು ಎಲ್ಲಿದೆ?

ಬಿಜೈಯವರು: ಹಿಂಬಾಗಿಲಿನಿಂದ ಬಂದ ಎಲೆಯಿಂದ ಪತ್ರೊಡೆ ಬೇಯಿಸಿದವರು ಯಾರು ಎಂದೂ ಬರೆಯಿರಿ ಮಾರಾಯರೇ. ಅಂಥ ಮನೆಗೆ ಸೊಸೆಯಾಗಿ ಹೋದವಳು ನಾನು. 19 ವರ್ಷ ಅಂಗಳ ಗುಡಿಸಿದೆ, ಪಾಚಿ ಉಜ್ಜಿದೆ, ಹಸಿ ಕಟ್ಟಿಗೆ ಊದಿ ಊದಿ ಹಂಡೆ ಕಾಯಿಸಿದೆ. ಅಲ್ಲಿ ನನ್ನದು ಎನ್ನಲು ಸೀರೆ ತೂಗುಹಾಕುವ ಒಂದು ಗೂಟವೂ ಇರಲಿಲ್ಲ. 2016ರಲ್ಲಿ ಮಂಗಳೂರಿನ ಬಿಜೈಯಲ್ಲಿ ಫ್ಲ್ಯಾಟ್ ತೆಗೆದುಕೊಂಡೆವು, ಅರ್ಧ ಸಾಲ ನನ್ನ ಹೆಸರಿನಲ್ಲಿ. ಎರಡನೆಯ ಮಳೆಗಾಲಕ್ಕೇ ಪಡುವಣ ಗೋಡೆ ಒಸರಿತು. ಕಟ್ಟಿಸಿದವರು ಬಣ್ಣದ ದೋಷ ಎಂದು ಕೈತೊಳೆದುಕೊಂಡರು. ರಿಪೇರಿಗೆ ನಮ್ಮ ಪಾಲು 14,300, ಮರುವರ್ಷ ಮತ್ತೆ 9,000. 2019ರ ಮೇಯಲ್ಲಿ, ಮಂಗಳೂರಿಗೆ ನೀರು ಕೊಡುವ ತುಂಬೆ ಅಣೆಕಟ್ಟೆಯಲ್ಲಿ ನೀರು ತಗ್ಗಿ ಸರದಿಯಂತೆ ಬಿಟ್ಟಾಗ ಟ್ಯಾಂಕರಿಗೆ ಸುರಿದದ್ದು ಬೇರೆ. ಆದರೆ ಯಜಮಾನರಿಗೆ ರಾತ್ರಿ ಎರಡಕ್ಕೆ ಎದೆನೋವು ಬಂದಾಗ ಎದುರುಮನೆಯ ಕೊಂಕಣಿ ಬಾಯಿ ಕಾರಿನ ಕೀ ಹಿಡಿದು ಬರಿಗಾಲಲ್ಲಿ ಓಡಿಬಂದರು. 11 ನಿಮಿಷದಲ್ಲಿ ಆಸ್ಪತ್ರೆ.

ಬ್ರಹ್ಮಾವರದವರು: ಅಕ್ಕ, ನನ್ನ ಹೆಂಡತಿ ತೀರಿಹೋಗಿ ಎಂಟು ವರ್ಷ. ಅಂಗಳ ಗುಡಿಸುವವನೂ ನಾನೇ, ಪತ್ರೊಡೆ ಬೇಯಿಸಿದವನೂ ನಾನೇ. ತಿಳಿಯದೆ ಆಡಬೇಡಿ. ಹಂಚಿನಡಿ ಹುಟ್ಟಿದವನಿಗೆ ಕಾಂಕ್ರೀಟಿನಡಿ ಮಳೆಯೇ ಕೇಳಿಸುವುದಿಲ್ಲ.

ಬಿಜೈಯವರು: ಕ್ಷಮಿಸಿ ಅಣ್ಣ, ಗೊತ್ತಿರಲಿಲ್ಲ. ಆದರೆ ಹಂಚಿನ ಮಾತನ್ನು ಒಪ್ಪುವುದಿಲ್ಲ. ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ್ದೇ 1865ರಲ್ಲಿ. ಅದಕ್ಕೂ ಮೊದಲು ಮುಳಿಹುಲ್ಲಿನ ಮಾಡಿನಡಿ ಬದುಕಿದವರಿಗೆ ಮನೆ ಇರಲಿಲ್ಲವೇ?

ಮಣಿಪಾಲದವರು: ನೀವಿಬ್ಬರೂ ಸ್ವಂತ ಮನೆಯವರು. ನಾನು ಹುಬ್ಬಳ್ಳಿಯವನು, 11 ವರ್ಷದಲ್ಲಿ ನಾಲ್ಕು ಬಾಡಿಗೆ ಮನೆ. ಪ್ರತಿ ಬಾರಿ ಮುಂಗಡದಲ್ಲಿ ಬಣ್ಣದ ಹೆಸರಿನಲ್ಲಿ ಕಡಿತ: 8,000, ನಂತರ 12,000, ಕಡೆಗೆ 18,000. ಕೊನೆಯ ಮನೆಯಲ್ಲಿ ಆರು ಮೊಳೆ ಹೊಡೆದದ್ದಕ್ಕೂ ಲೆಕ್ಕ ಬರೆದರು. ತುಳು ಕಲಿಯಲು ಎರಡು ವರ್ಷ ಹಿಡಿಯಿತು. ನಕ್ಕವರಿದ್ದರು, ತಿದ್ದಿದವರು ಹೆಚ್ಚು. ಸಂತೆಕಟ್ಟೆಯ ತರಕಾರಿ ಅಮ್ಮ ನನಗೆಂದು ಮಟ್ಟುಗುಳ್ಳ ಬದನೆ ತೆಗೆದಿಡುತ್ತಾರೆ. ರಜೆ ಮುಗಿಸಿ ಬರುವಾಗ ಅರಬೈಲು ಘಟ್ಟ ಇಳಿದು ತೇವದ ಗಾಳಿ ಮುಖಕ್ಕೆ ತಾಗಿದ ಕೂಡಲೇ ಮಗಳು "ಮನೆ ಬಂತು" ಎನ್ನುತ್ತಾಳೆ. ಉಡುಪಿಗೆ ಇನ್ನೂ ನಾಲ್ಕು ಗಂಟೆಯ ದಾರಿ ಇರುತ್ತದೆ.

ಕುವೈತ್‌ನಿಂದ ಮರಳಿದವರು: ಬಾಡಿಗೆ ಮನೆ ಮನೆಯಲ್ಲ ಸ್ವಾಮಿ. ಕುಟುಂಬದ ನಾಗನ ಕಲ್ಲಿರುವ ನಾಗಬನ ಎಲ್ಲಿದೆಯೋ ಅಲ್ಲಿ ಮನೆ. 22 ವರ್ಷ ದುಡಿದದ್ದನ್ನು ಮೂಲದ ಮನೆಗೆ ಹಾಕಿದ್ದೇನೆ. ದೈವದ ಗುಡಿಗೆ 2,10,000, ಬಾವಿಗೆ ಉಂಗುರ ಇಳಿಸಲು 64,000. ಈಗ 17 ವಾರಸುದಾರರು, ಐವರು ಸಹಿ ಹಾಕುವುದಿಲ್ಲ, ವಕೀಲರಿಗೆ ಈವರೆಗೆ 1,40,000. ಆದರೂ ನಾಗರಪಂಚಮಿಗೆ ನಾಗನಿಗೆ ಹಾಲಿನ ತನು ಎರೆಯಲು ಆ ಐವರೂ ಬರುತ್ತಾರೆ. ಮತ್ತೊಂದು ಮಾತು, ಮರಕ್ಕೆ ದುಡ್ಡು ಸುರಿಯಬೇಡಿ, ಕಬ್ಬಿಣ ನಿಲ್ಲಿಸಿ ಶೀಟ್ ಹಾಕಿಸಿ.

ಮಣಿಪಾಲದವರು: ನಾಗಬನ ಇಲ್ಲದವನು ಎಲ್ಲಿಯವನೂ ಅಲ್ಲವೇ? ನನ್ನ ಮಗಳು ಹುಟ್ಟಿದ್ದು ಇಲ್ಲೇ. ಅವಳಿಗೆ ಯಾವ ಊರು ತೋರಿಸುತ್ತೀರಿ?

ಕುವೈತ್‌ನಿಂದ ಮರಳಿದವರು: ನಿಮ್ಮ ಮಗಳ ಬಗ್ಗೆ ನಾನು ಹೇಳಲಿಲ್ಲ. ನನ್ನ ಮಗ ಕುವೈತ್‌ನಲ್ಲೇ ಹುಟ್ಟಿ ಬೆಳೆದವನು. ಇಲ್ಲಿಗೆ ಬಂದ ಮೂರನೆಯ ದಿನವೇ ಹಿಂದಿರುಗುವ ಟಿಕೆಟ್ ನೋಡುತ್ತಾನೆ. ಅಷ್ಟು ಖರ್ಚು ಮಾಡಿದ್ದು ಅವನಿಗಾಗಿಯೇ.

ಬ್ರಹ್ಮಾವರದವರು: ಶೀಟಿನಡಿ ಏಪ್ರಿಲ್ ಮಧ್ಯಾಹ್ನ ಒಮ್ಮೆ ಮಲಗಿ ನೋಡಿ, ಆಮೇಲೆ ಸಲಹೆ ಕೊಡಿ.

ಕೇಳಿದವರು: ಎಲ್ಲವನ್ನೂ ಹೆಂಡತಿಗೆ ಓದಿ ಹೇಳಿದೆ. ಗೂಟದ ಮಾತು ಬಂದಾಗ ಇನ್ನೊಮ್ಮೆ ಓದಿ ಎಂದಳು. ಆಮೇಲೆ ಬಹಳ ಹೊತ್ತು ಮಾತನಾಡಲಿಲ್ಲ. ಬ್ರಹ್ಮಾವರದವರೇ, ಹಳೆಯ ಹಂಚು ಒಳ್ಳೆಯದೆಂದು ತಿಳಿಯುವುದು ಹೇಗೆ?

ಬ್ರಹ್ಮಾವರದವರು: ಬೆರಳ ಗಂಟಿನಿಂದ ತಟ್ಟಿ. ಕಂಚಿನ ಹಾಗೆ ಕೇಳಬೇಕು. ಮಂದವಾಗಿ ಕೇಳಿದರೆ ಬಿರುಕಿದೆ, ಬಿಟ್ಟುಬಿಡಿ. ನೂರಕ್ಕೆ ಹತ್ತು ಹೆಚ್ಚೇ ತನ್ನಿ. ಮೇ ಕೊನೆಗೆ ಬರುವ ಪತ್ತನಾಜೆ ಕಳೆದ ಮೇಲೆ ಮಾಡು ಬಿಚ್ಚಲೇಬೇಡಿ.