ಸಿಫಿಲಿಸ್ ವಾಸಿಯಾಗಿದೆ, ಭಯ ವಾಸಿಯಾಗಿಲ್ಲ: ಅನುಭವ ಇದ್ದವರು ಹೇಳಿ

ಕೇಳಿದವರು: ಗದಗ, 29 ವರ್ಷ

ಎಲ್ಲರಿಗೂ ನಮಸ್ಕಾರ. ಹೆಸರು ಹೇಳುವುದಿಲ್ಲ, ತಪ್ಪು ತಿಳಿಯಬೇಡಿ. ಗದಗಿನಲ್ಲಿ ಪ್ರಿಂಟಿಂಗ್ ಪ್ರೆಸ್‌ನಲ್ಲಿ ಕೆಲಸ ಮಾಡುತ್ತೇನೆ. ಎರಡು ವರ್ಷದ ಹಿಂದೆ ನನಗೆ ಸಿಫಿಲಿಸ್ ಆಗಿತ್ತು, ಲೈಂಗಿಕ ಸಂಪರ್ಕದಿಂದ ಹತ್ತುವ ರೋಗ. ಮೊದಲು ನೋವಿಲ್ಲದ ಒಂದು ಹುಣ್ಣು, ಆಮೇಲೆ ಅಂಗೈ ತುಂಬಾ ಕೆಂಪು ಕಲೆ. ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟರು. ವಿಡಿಆರ್‌ಎಲ್ ಅನ್ನುವ ರಕ್ತ ಪರೀಕ್ಷೆಯಲ್ಲಿ 1:32 ಇದ್ದದ್ದು ಇಳಿಯುತ್ತಾ ಬಂದು ಈಗ ನಾನ್-ರಿಯಾಕ್ಟಿವ್, ಅಂದರೆ ನೆಗೆಟಿವ್ ಆಗಿದೆ. ಎಚ್‌ಐವಿ ಕೂಡ ನೆಗೆಟಿವ್. ಡಾಕ್ಟರು "ಮುಗೀತು, ಇನ್ನ ಇದಕ್ಕಂತ ಬರಬ್ಯಾಡ್ರಿ" ಅಂದರು.

ನನ್ನ ತಲೆಯೊಳಗೆ ಮಾತ್ರ ಮುಗಿದಿಲ್ಲ. ಪ್ರೆಸ್‌ನಲ್ಲಿ ಕೆಂಪು ಇಂಕು ಕೈಗೆ ಹತ್ತುತ್ತದೆ, ಸೀಮೆಎಣ್ಣೆ ಹಚ್ಚಿ ತಿಕ್ಕುತ್ತೇವೆ. ತಿಕ್ಕಿದ ಮೇಲೆ ಅಂಗೈ ಕೆಂಪಗೆ ಕಂಡರೆ ಸಾಕು, ಎದೆ ಧಸಕ್ ಅನ್ನುತ್ತದೆ. ಬಚ್ಚಲಲ್ಲಿ ಮೊಬೈಲ್ ಟಾರ್ಚ್ ಹಾಕಿಕೊಂಡು ಮೈಯೆಲ್ಲಾ ನೋಡಿಕೊಳ್ಳುತ್ತೇನೆ. ಮನೆಯವರು ಬಾಗಿಲು ಬಡಿಯುವವರೆಗೂ ಹೊರಗೆ ಬರುವುದಿಲ್ಲ. ಮೊನ್ನೆ ತಡೆಯಲಾಗದೆ ಪ್ರೈವೇಟ್ ಲ್ಯಾಬ್‌ನಲ್ಲಿ ಟಿಪಿಎಚ್‌ಎ ಅನ್ನುವ ಇನ್ನೊಂದು ಸಿಫಿಲಿಸ್ ರಕ್ತ ಪರೀಕ್ಷೆ ಮಾಡಿಸಿದೆ. ಪಾಸಿಟಿವ್ ಬಂತು. ಆವತ್ತಿನಿಂದ ಊಟ ಸೇರುತ್ತಿಲ್ಲ. ಮದುವೆ ಬೇರೆ ಗೊತ್ತಾಗಿದೆ. ಇದನ್ನೆಲ್ಲ ದಾಟಿದವರು ಯಾರಾದರೂ ಇದ್ದೀರಾ?

ಹಾವೇರಿಯಿಂದ, ಲ್ಯಾಬ್ ಕೆಲಸ

ತಮ್ಮಾ, ಮೊದಲು ಆ ಟಿಪಿಎಚ್‌ಎ ರಿಪೋರ್ಟ್ ಮಡಚಿ ಒಳಗಿಡು. ಸಿಫಿಲಿಸ್ ಒಮ್ಮೆ ಬಂದು ಹೋದವರಲ್ಲಿ ಹೆಚ್ಚಿನವರಿಗೆ ಅದು ಜೀವನಪೂರ್ತಿ ಪಾಸಿಟಿವ್ ಬರುತ್ತದೆ. ಎಷ್ಟು ಚೆನ್ನಾಗಿ ಚಿಕಿತ್ಸೆ ಆಗಿದ್ದರೂ ಅಷ್ಟೇ. ರೋಗಾಣುವಿನ ವಿರುದ್ಧ ಮೈ ತಯಾರಿಸಿಕೊಂಡ ಪ್ರತಿಕಾಯ ಅದು. ರೋಗಾಣು ಸತ್ತ ಮೇಲೂ ಉಳಿಯುತ್ತದೆ. ವಾಸಿಯಾಗಿದೆಯೋ ಇಲ್ಲವೋ ಅಂತ ನೋಡುವುದಕ್ಕೆ ಆ ಪರೀಕ್ಷೆ ಕೆಲಸಕ್ಕೆ ಬರುವುದೇ ಇಲ್ಲ. ಅದಕ್ಕೆ ಇರುವುದು ವಿಡಿಆರ್‌ಎಲ್ ಅಥವಾ ಅದೇ ತರಹದ ಆರ್‌ಪಿಆರ್.

ಆರ್‌ಪಿಆರ್ ಹೇಗೆ ಮಾಡುತ್ತೇವೆ ಅಂತ ಹೇಳುತ್ತೇನೆ, ಭಯ ಸ್ವಲ್ಪ ಇಳಿಯಬಹುದು. ಬಿಳಿ ಕಾರ್ಡಿನ ಮೇಲೆ ಗೋಲ ಗೋಲ ಗುರುತು ಇರುತ್ತದೆ. ಒಂದರಲ್ಲಿ ನಿನ್ನ ಸೀರಮ್ ಒಂದು ಹನಿ, ಅದರ ಮೇಲೆ ಇದ್ದಿಲ ಪುಡಿ ಬೆರೆತ ಕಪ್ಪು ದ್ರವ ಒಂದು ಹನಿ. ಎಂಟು ನಿಮಿಷ ಯಂತ್ರದ ಮೇಲೆ ತಿರುಗಿಸುತ್ತೇವೆ. ರಿಯಾಕ್ಟಿವ್ ಇದ್ದರೆ ಕಪ್ಪು ಕಣ ಗುಂಪುಗುಂಪಾಗಿ ಕೂಡುತ್ತವೆ. ಇಲ್ಲದಿದ್ದರೆ ಎಲ್ಲಾ ಒಂದೇ ಸಮ ಬೂದು ಬಣ್ಣ. ರಿಯಾಕ್ಟಿವ್ ಬಂದರೆ ಸೀರಮ್ ಅನ್ನು ಅರ್ಧಕ್ಕರ್ಧ ತೆಳು ಮಾಡುತ್ತಾ ಹೋಗುತ್ತೇವೆ, 1:2, 1:4, 1:8, ಹೀಗೆ. ಎಲ್ಲಿಯವರೆಗೆ ಗುಂಪು ಕಟ್ಟುತ್ತದೋ ಆ ಅಂಕಿ ರಿಪೋರ್ಟಿಗೆ ಹೋಗುತ್ತದೆ. 1:32 ಇಂದ 1:8ಕ್ಕೆ, ಅಂದರೆ ಎರಡು ಮೆಟ್ಟಿಲು ಇಳಿದರೇ ಚಿಕಿತ್ಸೆ ಹಿಡಿದಿದೆ ಅಂತ ಲೆಕ್ಕ. ನಿನ್ನದು ಪೂರ್ತಿ ಇಳಿದಿದೆ. ಕೆಲವರಿಗೆ 1:2ರಲ್ಲೋ 1:4ರಲ್ಲೋ ವರ್ಷಗಟ್ಟಲೆ ನಿಂತುಬಿಡುತ್ತದೆ. ಅಂಥವರಿಗೂ ಡಾಕ್ಟರು ಹಳೇ ರಿಪೋರ್ಟ್ ನೋಡಿ "ಸರಿ ಇದೆ" ಅನ್ನುತ್ತಾರೆ.

ಇನ್ನೊಂದು ಮಾತು. ಒಂದು ಮೆಟ್ಟಿಲು ಹೆಚ್ಚು ಕಮ್ಮಿ ಆದರೆ ಅದು ವ್ಯತ್ಯಾಸವೇ ಅಲ್ಲ. ಒಬ್ಬರು ಇವತ್ತು 1:2 ಓದಿದ್ದನ್ನು ಇನ್ನೊಬ್ಬರು ನಾಳೆ 1:4 ಓದಬಹುದು. ಆದ್ದರಿಂದ ಊರೆಲ್ಲಾ ಲ್ಯಾಬ್ ಸುತ್ತಿ ರಿಪೋರ್ಟ್ ಹೋಲಿಸಬೇಡ. ಹಾಗೆ ಹೋಲಿಸಿ ಹೋಲಿಸಿ ಸೊರಗಿದವರನ್ನು ಕೌಂಟರ್ ಆಚೆ ನೋಡುತ್ತಲೇ ಇರುತ್ತೇನೆ.

ಹುಬ್ಬಳ್ಳಿಯಿಂದ, 41 ವರ್ಷ

ನಿನ್ನ ಬಚ್ಚಲ ಟಾರ್ಚಿನ ಕತೆ ಓದಿ ನನ್ನದೇ ಅನಿಸಿತು. ನನಗೂ ಇದೇ ರೋಗ, ಇದೇ ಇಂಜೆಕ್ಷನ್. ಬೆಂಜಥೀನ್ ಪೆನಿಸಿಲಿನ್, 24 ಲಕ್ಷ ಯೂನಿಟ್. ಹಾಲಿನಂಥ ಗಟ್ಟಿ ಔಷಧಿ. ಎರಡು ಕುಂಡೆಗೆ ಅರ್ಧರ್ಧ ಚುಚ್ಚಿದರು. ಆವತ್ತು ರಾತ್ರಿ ಚಳಿ ಜ್ವರ ಬಂತು. ರೋಗಾಣು ಒಮ್ಮೆಲೇ ಸಾಯುವಾಗ ಕೆಲವರಿಗೆ ಹಾಗಾಗುತ್ತದೆ, ಒಂದು ದಿನದಲ್ಲಿ ಇಳಿಯುತ್ತದೆ ಅಂತ ನರ್ಸಮ್ಮ ಮೊದಲೇ ಹೇಳಿದ್ದರು, ಹಾಗೇ ಆಯಿತು. ರೋಗ ಅಲ್ಲಿಗೆ ಮುಗಿಯಿತು. ನಾನು ನಿಜವಾಗಿ ಕಷ್ಟಪಟ್ಟಿದ್ದು ಆಮೇಲಿನ ದಿನಗಳಲ್ಲಿ.

ನಾಲಿಗೆ ಮೇಲೆ ಬಿಳಿ, ತೊಡೆಯಲ್ಲಿ ಬೆವರುಸಾಲೆ, ಶೇವ್ ಮಾಡಿದಾಗ ಎದ್ದ ಗುಳ್ಳೆ, ಎಲ್ಲವೂ ಸಿಫಿಲಿಸ್ಸೇ! ಶಿಶ್ನದ ತುದಿಯ ಅಂಚಿಗೆ ಸಾಲಾಗಿ ಸಣ್ಣ ಸಣ್ಣ ಬೊಕ್ಕೆ ಇರುತ್ತವಲ್ಲ, ಬಹಳ ಗಂಡಸರಿಗೆ ಸಹಜವಾಗೇ ಇರುವಂಥವು, ಅವನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ. ನೋಡಿದ ದಿನ ನಿದ್ದೆ ಇಲ್ಲ. ಚರ್ಮದ ಡಾಕ್ಟರು ನಕ್ಕು "ಇವು ನನಗೂ ಅದಾವ್ರೀ" ಅಂದರು. ಆ ಸಮಾಧಾನ ನಾಲ್ಕು ದಿನ ಬಾಳಿತು. ಆಮೇಲೆ ಮತ್ತೆ ಶುರು. ನೋಡಿಕೊಂಡಷ್ಟೂ ಭಯ ಜಾಸ್ತಿ, ಭಯ ಜಾಸ್ತಿಯಾದಷ್ಟೂ ನೋಡಿಕೊಳ್ಳಬೇಕು ಅನಿಸುವುದು. ಮೈ ತುರಿಕೆ ಇದ್ದ ಹಾಗೆ, ಕೆರೆದರೆ ಹಾಯ್ ಅನಿಸುತ್ತದೆ, ಆಮೇಲೆ ಇನ್ನಷ್ಟು ಉರಿಯುತ್ತದೆ.

ಕೊನೆಗೆ ಧಾರವಾಡದ ಡಿಮ್ಹಾನ್ಸ್‌ಗೆ ಹೋದೆ. "ಹುಚ್ಚಾಸ್ಪತ್ರೆ" ಅಂತ ಹಳಬರು ಕರೆಯುವುದು ಅದನ್ನೇ. ಚಿಗರಿ ಬಸ್ಸಿನಲ್ಲಿ ಕೂತು ವಾಪಸ್ ಹೋಗಿಬಿಡಲಾ ಅಂತಲೇ ಯೋಚನೆ. ಡಾಕ್ಟರು ನನ್ನ ರಿಪೋರ್ಟ್ ಕಟ್ಟು ತೆಗೆದು ನೋಡಲಿಲ್ಲ. "ದಿನಾ ಎಷ್ಟು ಹೊತ್ತು ಚೆಕ್ ಮಾಡ್ಕೋತೀರಿ? ಮಾಡದಿದ್ರ ಏನ್ ಆಕ್ಕೈತಿ ಅನಸ್ತೈತಿ?" ಇಷ್ಟೇ ಕೇಳಿದರು. ಆಮೇಲೆ ಒಂದು ಕ್ರಮ ಹಾಕಿಕೊಟ್ಟರು. ನೋಡಿಕೊಳ್ಳಬೇಕು ಅನಿಸಿದಾಗ ಕಾಲು ಗಂಟೆ ತಡೆಯುವುದು. ನಂತರ ಅರ್ಧ ಗಂಟೆ. ನಂತರ ಸ್ನಾನದ ಹೊತ್ತಿಗೆ ಮಾತ್ರ. ಟಾರ್ಚ್ ಬಂದ್, ಗೂಗಲ್ ಬಂದ್, ಹೆಂಡತಿಯನ್ನು "ಇದು ಏನೂ ಅಲ್ಲ ಅಲ್ವಾ?" ಅಂತ ಕೇಳುವುದೂ ಬಂದ್. ಈ ಕೊನೆಯದೇ ಎಲ್ಲಕ್ಕಿಂತ ಕಷ್ಟ. ಜೊತೆಗೆ ಒಂದು ಮಾತ್ರೆ ಇತ್ತು, ಅದು ಕೆಲಸ ಶುರು ಮಾಡುವುದಕ್ಕೇ ಕೆಲವು ವಾರ ಬೇಕು. ಮೊದಲ ವಾರ ಏನೂ ಆಗಲಿಲ್ಲ ಅಂತ ಬಿಡಬೇಡ.

ಈಗಲೂ ಒಮ್ಮೊಮ್ಮೆ ಯೋಚನೆ ಬರುತ್ತದೆ. ಬಂದರೆ ಬರಲಿ ಅಂತ ಅಂಗಡಿ ಲೆಕ್ಕ ಬರೆಯುತ್ತಾ ಕೂರುತ್ತೇನೆ.

ಹುಬ್ಬಳ್ಳಿಯಿಂದ ಇನ್ನೊಬ್ಬರು

ಒಂದೇ ಎಚ್ಚರಿಕೆ. ರೈಲು ಹಳಿ ಪಕ್ಕದ ಗೋಡೆ ಮೇಲೆ ಬರೆದಿರುತ್ತದಲ್ಲ, "ಗುಪ್ತರೋಗ ತಜ್ಞರು, ಲಾಡ್ಜ್ ರೂಮ್ ನಂಬರ್ ಇಷ್ಟು" ಅಂತ. ಆ ಕಡೆ ತಲೆ ಹಾಕಿ ಕೂಡ ಮಲಗಬೇಡ. ನಿನ್ನಂಥ ವಾಸಿಯಾದ ಗಿರಾಕಿಯೇ ಅವರಿಗೆ ಬೇಕು. "ರಕ್ತದಾಗ ಇನ್ನೂ ಐತಿ" ಅಂತ ಒಂದು ಮಾತು ಅಂದರೆ ಸಾಕು, ನೀನೇ ದುಡ್ಡು ಎಣಿಸುತ್ತೀಯ. ಡೌಟ್ ಇದ್ದರೆ ಜಿಲ್ಲಾ ಆಸ್ಪತ್ರೆಯಲ್ಲೋ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೋ ಸುರಕ್ಷಾ ಕ್ಲಿನಿಕ್ ಎಲ್ಲಿ ಅಂತ ಕೇಳು. ಇದಕ್ಕೇ ಅಂತ ಇರುವುದು, ದುಡ್ಡಿಲ್ಲ. ಏಡ್ಸ್ ಸಹಾಯವಾಣಿ 1097 ಕೂಡ ಫ್ರೀ.

ಧಾರವಾಡದಿಂದ, ಇಬ್ಬರು ಮಕ್ಕಳ ತಾಯಿ

ನನ್ನದು ಆಚೆ ಕಡೆಯ ಕತೆ. ಬಸುರಿಯಾದಾಗ ಎಲ್ಲರಿಗೂ ಎಚ್‌ಐವಿ ಜೊತೆ ಸಿಫಿಲಿಸ್ ಪರೀಕ್ಷೆಯನ್ನೂ ಮಾಡುತ್ತಾರೆ. ನನಗೆ ಗೊತ್ತಾಗಿದ್ದೇ ಆವಾಗ. ನಮ್ಮ ಮನೆಯವರಿಂದ ಬಂದಿತ್ತು. ಇಬ್ಬರಿಗೂ ಇಂಜೆಕ್ಷನ್ ಆಯಿತು. ಒಬ್ಬರಿಗೆ ಮಾತ್ರ ಕೊಟ್ಟರೆ ಉಪಯೋಗವಿಲ್ಲ, ಮತ್ತೆ ಹತ್ತಿಕೊಳ್ಳುತ್ತದೆ. ಮಗ ಆರೋಗ್ಯವಾಗಿ ಹುಟ್ಟಿದ. ಅವನ ರಕ್ತದಲ್ಲಿ ಟಿಪಿಎಚ್‌ಎ ಪಾಸಿಟಿವ್ ಬಂದಾಗ ನಾನು ಕುಸಿದು ಕೂತೆ. ಅದು ನನ್ನ ಪ್ರತಿಕಾಯ, ಕೂಸಿಗೆ ದಾಟಿದ್ದು, ಒಂದೂವರೆ ವರ್ಷದೊಳಗೆ ಹೋಗುತ್ತದೆ ಅಂತ ಮಕ್ಕಳ ಡಾಕ್ಟರು ಹೇಳಿದರು. ಹೋಯಿತು ಕೂಡ. ಎರಡನೇ ಬಸುರಿನಲ್ಲಿ ಹಳೇ ಫೈಲ್ ತೋರಿಸಿದೆ, ಯಾರೂ ಗಾಬರಿಯಾಗಲಿಲ್ಲ. ಆದ್ದರಿಂದ ಇಂಜೆಕ್ಷನ್ ಹಾಕಿದ ತಾರೀಖು, ಡೋಸು, ವಿಡಿಆರ್‌ಎಲ್ ಇಳಿದು ಬಂದ ರಿಪೋರ್ಟ್, ಈ ಮೂರನ್ನು ಹರಿದು ಹಾಕಬೇಡಪ್ಪಾ. ನಾಳೆ ಯಾವುದೋ ಮೆಡಿಕಲ್ ತಪಾಸಣೆಯಲ್ಲಿ ಟಿಪಿಎಚ್‌ಎ ಪಾಸಿಟಿವ್ ಬಂದರೆ ಬಾಯಿ ಮಾತಿಗಿಂತ ಅದೇ ಕೆಲಸಕ್ಕೆ ಬರುತ್ತದೆ.

ಇನ್ನು ನೀನು ಮದುವೆಯಾಗುವ ಹುಡುಗಿಯ ವಿಷಯ. ಅವಳಿಗೆ ಹೇಳು ಅಂತಲೇ ನಾನು ಅನ್ನುತ್ತೇನೆ. ನಮ್ಮ ಮನೆಯವರು ರೋಗ ತಂದದ್ದಕ್ಕಿಂತ ಮುಚ್ಚಿಟ್ಟದ್ದು ನನಗೆ ಜಾಸ್ತಿ ಸುಟ್ಟಿದೆ. ನಿನ್ನದು ವಾಸಿಯಾಗಿದೆ, ಅವಳಿಗೆ ಹತ್ತುವುದಿಲ್ಲ, ಇದನ್ನು ನೀನು ಧೈರ್ಯವಾಗಿ ಹೇಳಬಹುದು.

ಹುಬ್ಬಳ್ಳಿಯಿಂದ, 41 ವರ್ಷ

ಅಕ್ಕಾ, ನಿಮ್ಮ ಮಾತು ಒಪ್ಪುತ್ತೇನೆ, ಆದರೆ ಇವತ್ತೇ ಬೇಡ. ಈಗಿನ ಸ್ಥಿತಿಯಲ್ಲಿ ಹೇಳಿದರೆ ಅವನು ವಿಷಯ ಹೇಳುವುದಿಲ್ಲ, ಅವಳಿಂದ ಸಮಾಧಾನ ಕೇಳುತ್ತಾನೆ. ಆ ಹುಡುಗಿ ಮದುವೆಗೆ ಮೊದಲೇ ಇವನ ಟಾರ್ಚ್ ಹಿಡಿಯಬೇಕಾಗುತ್ತದೆ. ಮೊದಲು ಮನಸ್ಸಿನ ಡಾಕ್ಟರನ್ನು ಕಾಣಲಿ, ಸ್ವಲ್ಪ ನಿಲ್ಲಲಿ. ಮದುವೆಗೆ ಮುಂಚೆ ಇಬ್ಬರೂ ಕೂಡಿ ರಕ್ತ ಪರೀಕ್ಷೆ ಮಾಡಿಸುವ ನೆಪದಲ್ಲಿ ಮಾತು ತೆಗೆದರೆ ಸುಲಭ.

ಧಾರವಾಡದಿಂದ, ಇಬ್ಬರು ಮಕ್ಕಳ ತಾಯಿ

ಮುಂಚೆ ಅಂದರೆ ಮುಂಚೆಯೇ ಆಗಲಿ. ಅಕ್ಷತೆ ಬಿದ್ದ ಮೇಲೆ ಬೇಡ.

ಹಾವೇರಿಯಿಂದ, ಲ್ಯಾಬ್ ಕೆಲಸ

ಒಂದು ಸೇರಿಸುತ್ತೇನೆ. ಒಮ್ಮೆ ಬಂದು ಹೋಯಿತು ಅಂದರೆ ಮತ್ತೆ ಬರುವುದಿಲ್ಲ ಅಂತಲ್ಲ. ಹೊಸ ಸಂಪರ್ಕ ಆದರೆ ಹೊಸದಾಗಿ ಬರಬಹುದು, ಆವಾಗ ವಿಡಿಆರ್‌ಎಲ್ ಮತ್ತೆ ಏರುತ್ತದೆ. ಸಂಪರ್ಕವೇ ಇಲ್ಲದೆ ಸುಮ್ನೆ ಕೂತಲ್ಲಿ ಹೆದರಿಕೆಯಿಂದ ಬರುವುದಿಲ್ಲ.

ಕೇಳಿದವರು: ಗದಗ

ಎಲ್ಲರಿಗೂ ಕೈ ಮುಗಿದೆ. ಟಿಪಿಎಚ್‌ಎ ವಿಷಯ ಯಾರೂ ನನಗೆ ಹೀಗೆ ಬಿಡಿಸಿ ಹೇಳಿರಲಿಲ್ಲ. ಡಿಮ್ಹಾನ್ಸ್‌ಗೆ ಹೋಗಬೇಕು ಅನಿಸುತ್ತಿದೆ. ಆದರೆ ಅಣ್ಣಾ, ಅಲ್ಲಿ ನಮ್ಮ ಊರಿನವರು ಯಾರಾದರೂ ನೋಡಿದರೆ?

ಹುಬ್ಬಳ್ಳಿಯಿಂದ, 41 ವರ್ಷ

ಅಷ್ಟು ಸಂಕೋಚ ಇದ್ದರೆ ಮೊದಲು ಟೆಲಿ ಮಾನಸ್‌ಗೆ ಫೋನ್ ಮಾಡು, 14416, ಮನಸ್ಸಿನ ಆರೋಗ್ಯಕ್ಕೆ ಇರುವ ಸರ್ಕಾರದ ಸಹಾಯವಾಣಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಆಮೇಲೆ ಆಸ್ಪತ್ರೆಗೆ ಹೋಗು. ಊರಿನವರು ಸಿಕ್ಕರೆ ಅವರ ಕೈಯಲ್ಲೂ ಒಂದು ಚೀಟಿ ಇರುತ್ತದೆ ತಮ್ಮಾ, ಅವರೇ ಮೊದಲು ಮುಖ ಆಚೆ ತಿರುಗಿಸುತ್ತಾರೆ.