ಸೊಂಟನೋವಿಗೆ ವಿಆರ್: ಹೊಟ್ಟೆ ತೊಳಸುತ್ತೆ, ಕತ್ತು ಹಿಡಿಯುತ್ತೆ, ಏನು ಮಾಡಲಿ?

ಮೈಸೂರು_ಮಗ
ಅಮ್ಮನಿಗೆ 62. ಹಳೇ ಸೊಂಟನೋವು. ಆಪರೇಷನ್ ಬೇಡ, ವ್ಯಾಯಾಮ ಸಾಕು ಅಂದಿದ್ದಾರೆ ಡಾಕ್ಟರು. ಸೆಕೆಂಡ್ ಹ್ಯಾಂಡ್ ಕ್ವೆಸ್ಟ್ 2 (ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ದೃಶ್ಯ ಕಾಣೋ ವಿಆರ್ ಹೆಡ್‌ಸೆಟ್) ತಂದು ಅದರಲ್ಲಿ ರೋಲರ್ ಕೋಸ್ಟರ್ ಹಾಕಿಕೊಟ್ಟೆ. ನೋಡುವಾಗ ನೋವು ಮರೆಯುತ್ತಂತೆ. ಆದರೆ ಐದು ನಿಮಿಷಕ್ಕೇ ಹೊಟ್ಟೆ ತೊಳಸುತ್ತೆ, ತೆಗೆದ ಮೇಲೆ ಕತ್ತು ಹಿಡಿಯುತ್ತೆ, ಸೊಂಟನೋವೂ ವಾಪಸ್. ಬೈಫೋಕಲ್ ಕನ್ನಡಕ ಇದೆ. ಸೆಟ್ಟಿಂಗ್ ಬದಲಿಸಬೇಕಾ?

ಲೆನ್ಸ್_ಮಾಮ
ಮೊದಲು ರೋಲರ್ ಕೋಸ್ಟರ್ ನಿಲ್ಲಿಸಿ ಮಾರಾಯ್ರೆ! ಚಾರ್ಮಾಡಿ ಘಾಟಿಯಲ್ಲಿ ಬಸ್ಸಲ್ಲಿ ಕೂತು ಮೊಬೈಲ್ ನೋಡಿದಾಗ ಆಗೋದರ ತಿರುಗುಮುರುಗು ಇದು. ಕಣ್ಣು ಓಡ್ತಿದ್ದೀನಿ ಅನ್ನುತ್ತೆ, ಕಿವಿಯೊಳಗಿನ ಸಮತೋಲನದ ಅಂಗ ಕೂತಿದ್ದೀನಿ ಅನ್ನುತ್ತೆ.

ಆಮೇಲೆ ಲೆನ್ಸ್ ನೋಡಿ. ಕ್ವೆಸ್ಟ್ 2ರಲ್ಲಿ ಮೂರೇ ಜಾಗ: 58, 63, 68 ಮಿ.ಮೀ. ಎರಡು ಕಣ್ಣಿನ ಪಾಪೆಗಳ ನಡುವಿನ ಅಂತರಕ್ಕೆ ಯಾವುದು ಹತ್ತಿರವೋ ಅದಕ್ಕೆ ಇಡಿ. ಕನ್ನಡಕದ ಚೀಟಿಯಲ್ಲಿ ಪಿಡಿ ಅಂತ ಬರೆದಿರಬಹುದು. ಕನ್ನಡಕ ತಾಗದ ಹಾಗೆ ಬಾಕ್ಸಲ್ಲಿ ಬರುವ ಸ್ಪೇಸರ್ (ಅಂತರ ಕೊಡೋ ಚೌಕಟ್ಟು) ಹಾಕಿ. ಬೈಫೋಕಲ್‌ನ ಕೆಳಭಾಗದಿಂದ ನೋಡಿದರೆ ಮಸುಕಾಗುತ್ತೆ.

ಹೆಡ್‌ಸೆಟ್ ಅರ್ಧ ಕೆಜಿ ತೂಗುತ್ತೆ, ಅದೂ ಪೂರ್ತಿ ಮುಂದಕ್ಕೆ. ಹಿಂದಿನ ಪಟ್ಟಿ ಬುರುಡೆಯ ಉಬ್ಬಿನ ಕೆಳಗೆ ಕೂರಲಿ, ಮೇಲಿನ ಪಟ್ಟಿ ಭಾರ ಹೊರಲಿ. ತಲೆ ಒರಗುವಂಥ ಎತ್ತರದ ಕುರ್ಚಿ ಇರಲಿ. ಒರಗಿದ ಮೇಲೆ ಬಲಗೈ ಕಂಟ್ರೋಲರ್‌ನ ಆಕ್ಯುಲಸ್ ಬಟನ್ ಒತ್ತಿ ಹಿಡಿದರೆ ದೃಶ್ಯ ನೇರವಾಗುತ್ತೆ.

ಫಿಸಿಯೋ_ಶಿವಮೊಗ್ಗ
ಮಾಮ ಹೇಳಿದ್ದು ಸರಿ. ಕಾಲು ಜೋಮು, ಮೂತ್ರ ತಡೆಯೋಕೆ ಆಗದಿರೋದು ಇದ್ದರೆ ಇದೆಲ್ಲ ಬಿಟ್ಟು ತಕ್ಷಣ ಡಾಕ್ಟರ ಹತ್ತಿರ ಹೋಗಿ.

ಗಮನ ಬೇರೆಡೆ ಸೆಳೆಯೋದು ಆ ಹೊತ್ತಿನ ನೋವಿಗೆ ಒಳ್ಳೇದು. ಸಿಯಾಟಲ್‌ನಲ್ಲಿ ಸುಟ್ಟಗಾಯಕ್ಕೆ ಡ್ರೆಸ್ಸಿಂಗ್ ಮಾಡುವಾಗ ಹಂಟರ್ ಹಾಫ್‌ಮನ್, ಡೇವಿಡ್ ಪ್ಯಾಟರ್ಸನ್ ತಂಡ ರೋಗಿಗಳಿಗೆ ವಿಆರ್‌ನಲ್ಲಿ ಹಿಮದ ಆಟ ಕೊಟ್ಟಿದ್ದು ಅದಕ್ಕೇ. ವರ್ಷಗಟ್ಟಲೆ ಇರೋ ನೋವಿಗೆ ಅಷ್ಟು ಸಾಲದು, ಹೆಡ್‌ಸೆಟ್ ತೆಗೆದ ಮೇಲೂ ಕೈಹಿಡಿಯೋ ಅಭ್ಯಾಸ ಬೇಕು. 2021ರಲ್ಲಿ ಅಮೆರಿಕದ ಎಫ್‌ಡಿಎ (ಔಷಧಿ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡೋ ಸರ್ಕಾರಿ ಸಂಸ್ಥೆ) ಸೊಂಟನೋವಿಗೆ ಒಪ್ಪಿದ ವಿಆರ್ ಕಾರ್ಯಕ್ರಮ 8 ವಾರದ್ದು, ದಿನಕ್ಕೆ 2ರಿಂದ 16 ನಿಮಿಷ. ಉಸಿರಾಟ, ಗಮನ, ನೋವಿನ ಬಗ್ಗೆ ತಿಳಿವಳಿಕೆ, ಅಷ್ಟೇ. ಅಲ್ಲಿ ಅದು ಡಾಕ್ಟರ್ ಬರೆದುಕೊಟ್ಟರೆ ಮಾತ್ರ ಸಿಗುತ್ತೆ. ನೀವು ದೃಶ್ಯ ಓಡಾಡದ ಉಸಿರಾಟದ ಆ್ಯಪ್ ಹಾಕಿ. ನಡಿಗೆ, ವ್ಯಾಯಾಮ ಬಿಡಬೇಡಿ.

ಮೈಸೂರು_ಮಗ
ಪಿಡಿ 59, ಲೆನ್ಸ್ 68ರಲ್ಲಿತ್ತು! ಬದಲಿಸಿದೆ. ಉಸಿರಾಟದ ಆ್ಯಪಲ್ಲಿ ತೊಳಸಲಿಲ್ಲ. ಆದರೆ "ಉಸಿರಾಡೋಕೆ ಇಷ್ಟು ದುಡ್ಡಿನ ಡಬ್ಬ ಬೇಕಿತ್ತೇನೋ?" ಅಂತಾರೆ ಅಮ್ಮ.

ಫಿಸಿಯೋ_ಶಿವಮೊಗ್ಗ
ಒಳ್ಳೇ ಪ್ರಶ್ನೆ ಕೇಳಿದ್ದಾರೆ ಅಮ್ಮ. ಆ ಕಾರ್ಯಕ್ರಮದ ಪರೀಕ್ಷೆಯಲ್ಲಿ 179 ಜನ ಇದ್ದರು. ಅದನ್ನು ಬಳಸಿದವರಲ್ಲಿ 66% ಜನರಿಗೆ ನೋವು 30%ಗಿಂತ ಜಾಸ್ತಿ ಇಳಿಯಿತು. ಅದೇ ಹೆಡ್‌ಸೆಟ್ಟಲ್ಲಿ ಸುಮ್ನೆ ವಿಡಿಯೋ ನೋಡಿದವರಲ್ಲೂ 41% ಜನರಿಗೆ ಇಳಿದಿತ್ತು! ಡಬ್ಬ ಇಲ್ಲದೆ ಉಸಿರಾಟ ಮಾಡ್ತಾರೆ ಅಂದರೆ ಹಾಗೇ ಮಾಡಲಿ. ಡಬ್ಬ ಇದ್ದರೇ ಕೂರೋದು ಅಂದರೆ ಡಬ್ಬ ಇರಲಿ.

ಮೈಸೂರು_ಮಗ
ಇದ್ದರೇ ಕೂರ್ತಾರೆ ಸರ್. ಬೆಳಿಗ್ಗೆ ಮಾತ್ರ ಲೆನ್ಸ್ ಮಂಜಾಗುತ್ತೆ.

ಲೆನ್ಸ್_ಮಾಮ
ಲೆನ್ಸ್ ತಣ್ಣಗಿದ್ದರೆ ಹಾಗೇ. ಆನ್ ಮಾಡಿ ಸ್ವಲ್ಪ ಹೊತ್ತು ಬೆಚ್ಚಗಾಗೋಕೆ ಬಿಟ್ಟು ಹಾಕಿ. ಒರೆಸೋಕೆ ಒಣ ಮೈಕ್ರೋಫೈಬರ್ ಬಟ್ಟೆ ಮಾತ್ರ, ಸ್ಪಿರಿಟ್ ಬೇಡ. ಬಿಸಿಲಿಗೂ ಇಡಬೇಡಿ, ಪರದೆ ಸುಟ್ಟುಹೋಗುತ್ತೆ.