ಮುರಿದರೆ ಹಾಲು ಬರುವ ಗಿಡ, ಬಾರದ ಗಿಡ: ಸೂರ್ಯಕಾಂತಿ ಕುಟುಂಬಕ್ಕೆ ಈ ಲೆಕ್ಕ ಸಾಕಲ್ವಾ?

ಎಲೆಮರೆಕಾಯಿ: ನಾನು ಓದಿದ ಕಾಲದ ಪಠ್ಯದಲ್ಲಿ ಆಸ್ಟರೇಸಿ, ಅಂದರೆ ಸೂರ್ಯಕಾಂತಿ ಕುಟುಂಬಕ್ಕೆ ಎರಡೇ ಭಾಗ. ಕಾಂಡ ಮುರಿದಾಗ ಹಾಲು ಬಂದು, ಹೂಗಳೆಲ್ಲ ಪಟ್ಟಿಯಂತಿದ್ದರೆ ಲಿಗುಲಿಫ್ಲೋರೆ. ಹಾಲಿಲ್ಲದೆ ಕೊಳವೆ ಹೂಗಳಿದ್ದರೆ ಟ್ಯೂಬುಲಿಫ್ಲೋರೆ. ಡ್ಯಾಂಡೆಲಿಯನ್, ಲೆಟ್ಯೂಸ್ ಮೊದಲನೆಯದಕ್ಕೆ. ಸೂರ್ಯಕಾಂತಿ, ಸೇವಂತಿಗೆ, ಚೆಂಡು ಹೂ ಎರಡನೆಯದಕ್ಕೆ. ಈಗ ನೋಡಿದರೆ ಹತ್ತಕ್ಕಿಂತ ಜಾಸ್ತಿ ಉಪಕುಟುಂಬಗಳಿವೆ! ಇಷ್ಟು ಸಲೀಸಾಗಿದ್ದನ್ನು ಯಾಕೆ ಕೆಡಿಸಿದರು?

ಬೇರುಬಿಳಲು: ಗುರುತು ಹಿಡಿಯೋಕೆ ಸಲೀಸು, ಒಪ್ಪುತ್ತೇನೆ. ಯಾರಿಗೆ ಯಾರು ಹತ್ತಿರ ಅಂತ ಕೇಳಿದರೆ ಕೈ ಕೊಡುತ್ತೆ. 1987ರಲ್ಲಿ ಜಾನ್ಸೆನ್ ಮತ್ತು ಪಾಮರ್ ಎಂಬ ಸಸ್ಯವಿಜ್ಞಾನಿಗಳು ಈ ಕುಟುಂಬದ ಕ್ಲೋರೋಪ್ಲಾಸ್ಟ್ (ಜೀವಕೋಶದ ಹಸಿರು ಕಣ) ಡಿಎನ್‌ಎ ನೋಡಿದರು. ಅದರಲ್ಲಿ ಸುಮಾರು 22 ಸಾವಿರ ಅಕ್ಷರಗಳಷ್ಟು ಉದ್ದದ ತುಂಡೊಂದು ತಲೆಕೆಳಗಾಗಿ ಕೂತಿದೆ. ಸೂರ್ಯಕಾಂತಿಯಲ್ಲೂ ಹಾಗೇ, ಲೆಟ್ಯೂಸ್‌ನಲ್ಲೂ ಹಾಗೇ. ದಕ್ಷಿಣ ಅಮೆರಿಕದ ಬಾರ್ನಡೇಸಿಯಾ ಮತ್ತು ಅದರ ನಂಟರಲ್ಲಿ ಮಾತ್ರ ಆ ತುಂಡು ನೆಟ್ಟಗಿದೆ, ಬೇರೆ ಕುಟುಂಬದ ಗಿಡಗಳಲ್ಲಿ ಇರುವಂತೆಯೇ. ಅಂದರೆ ಮೊದಲ ಕವಲು ಒಡೆದಿದ್ದು ಅಲ್ಲಿ. ಒಂದು ಕಡೆ ನೂರರ ಒಳಗಿನ ಪ್ರಭೇದಗಳು, ಇನ್ನೊಂದು ಕಡೆ 25 ಸಾವಿರ ಅಥವಾ ಅದಕ್ಕೂ ಜಾಸ್ತಿ. ನಿಮ್ಮ ಪಠ್ಯ ಬಾರ್ನಡೇಸಿಯಾವನ್ನು ಸೂರ್ಯಕಾಂತಿ ಜೊತೆ ಸೇರಿಸಿ ಲೆಟ್ಯೂಸನ್ನು ಆಚೆ ಇಡುತ್ತೆ. ನಿಜಕ್ಕೂ ಸೂರ್ಯಕಾಂತಿಗೆ ಬಾರ್ನಡೇಸಿಯಾಗಿಂತ ಲೆಟ್ಯೂಸೇ ಹತ್ತಿರದ ನೆಂಟ.

ತಗಾದೆತಿಮ್ಮ: ತಿರುಗಿದ ಒಂದು ತುಂಡನ್ನು ನಂಬಿ ಇಡೀ ಕುಟುಂಬವನ್ನು ಕಲಸಿಬಿಡೋದಾ? ಬಾರ್ನಡೇಸಿಯಾದಲ್ಲಿ ಅದು ತಿರುಗಿ, ಆಮೇಲೆ ವಾಪಸ್ ಬಂದಿರಬಾರದಾ?

ಬೇರುಬಿಳಲು: ಸಾಕ್ಷಿ ಅದೊಂದೇ ಆಗಿದ್ದರೆ ನಿಮ್ಮ ತಗಾದೆಗೆ ಬೆಲೆ ಇತ್ತು. ಅಷ್ಟು ದೊಡ್ಡ ತುಂಡು ಅದೇ ಎರಡು ಜಾಗದಲ್ಲಿ ಕತ್ತರಿಸಿಕೊಂಡು ಮತ್ತೆ ಸರಿಯಾಗಿ ಕೂರೋದು ಸುಮ್ನೆ ಆಗೋ ಕೆಲಸ ಅಲ್ಲ. ಅದೂ ಬಿಡಿ, 2019ರಲ್ಲಿ ನೂರಾರು ನ್ಯೂಕ್ಲಿಯರ್ (ಕೋಶಕೇಂದ್ರದ) ಜೀನ್‌ಗಳನ್ನು ಹೋಲಿಸಿದಾಗಲೂ ಬಾರ್ನಡೇಸಿಯಾ ಗುಂಪು ವಂಶವೃಕ್ಷದ ಬುಡದಲ್ಲೇ ಬಂತು. ಕುಟುಂಬ ಹುಟ್ಟಿದ್ದು ಸುಮಾರು 8.3 ಕೋಟಿ ವರ್ಷಗಳ ಹಿಂದೆ, ದಕ್ಷಿಣ ಅಮೆರಿಕದ ಕಡೆ ಅಂತ ಅದೇ ಅಧ್ಯಯನದ ಅಂದಾಜು.

ಭೂತಗನ್ನಡಿ: ಜೀನ್ ಜಗಳ ಆಮೇಲೆ. ಮೊದಲು ಲೆನ್ಸ್ ತಗೊಳ್ಳಿ. ಟ್ರೈಡ್ಯಾಕ್ಸ್ ಕಳೆಯ ಅಂಚಿನ ಒಂದು ‘ಎಸಳು’ ಕಿತ್ತು ತುದಿ ನೋಡಿ. ಮೂರು ಹಲ್ಲು ಕಾಣುತ್ತೆ. ಅದು ಎಸಳಲ್ಲ, ಒಂದು ಪೂರ್ತಿ ಹೂವು, ಮೂರು ದಳ ಅಂಟಿಕೊಂಡು ಆದದ್ದು. ಈಗ ಡ್ಯಾಂಡೆಲಿಯನ್‌ನದು ನೋಡಿ. ಐದು ಹಲ್ಲು. ಐದೂ ದಳ ಸೇರಿ ಒಂದು ಪಟ್ಟಿ. ಜರ್ಬೆರಾ ಸಿಕ್ಕರೆ ಇನ್ನೂ ಮಜಾ: ಹೊರಗೆ ಮೂರು ಹಲ್ಲಿನ ಪಟ್ಟಿ, ಒಳಗೆ ಸಣ್ಣ ಎರಡು ಎಳೆ. ದೂರದಿಂದ ಎಲ್ಲವೂ ಒಂದೇ ಥರ ಪಟ್ಟಿ. ಕಟ್ಟಿರೋ ರೀತಿ ಮೂರು ಥರ.

ಎಲೆಮರೆಕಾಯಿ: ಭೂತಗನ್ನಡಿ ಮೇಡಂ, ನೀವು ನನ್ನ ಪರವಾಗೇ ಮಾತಾಡಿದಿರಿ! ಐದು ಹಲ್ಲಿನವರದು ಬೇರೆ ಗುಂಪು ಅಂತಾಯ್ತಲ್ಲ.

ಭೂತಗನ್ನಡಿ: ಐದು ಹಲ್ಲಿನವರು ನಿಜವಾದ ಗುಂಪೇ, ಸರ್. ಸಿಕೋರಿಯೆ ಎಂಬ ಟ್ರೈಬ್ (ಉಪಕುಟುಂಬಕ್ಕಿಂತ ಚಿಕ್ಕದು, ಕುಲಕ್ಕಿಂತ ದೊಡ್ಡದಾದ ಗುಂಪು) ಆಗಿ ಇವತ್ತಿಗೂ ಇದ್ದಾರೆ. ಸಮಸ್ಯೆ ಟ್ಯೂಬುಲಿಫ್ಲೋರೆಯದು. ‘ಐದು ಹಲ್ಲಿನ ಪಟ್ಟಿ ಇಲ್ಲದವರೆಲ್ಲ ಇಲ್ಲಿ ಬನ್ನಿ’ ಅಂತ ತುಂಬಿಟ್ಟ ಚೀಲ ಅದು. ಹಾಲಿನ ವಿಷಯಕ್ಕೆ ಬಂದರೆ, ಇದೇ ಕುಟುಂಬದ ಗಜಾನಿಯಾ ಗಿಡ ಮುರಿದು ನೋಡಿ. ಅದಕ್ಕೂ ಹಾಲಿದೆ, ಆದರೆ ಅದು ಸಿಕೋರಿಯೆ ಅಲ್ಲ.

ತಗಾದೆತಿಮ್ಮ: ಹೆಸರುಗಳ ಕಥೆ ಏನು ಮತ್ತೆ? ಸೇವಂತಿಗೆಯನ್ನು ಕ್ರೈಸಾಂತಿಮಮ್ ಅಂತಿದ್ದರು, ಆಮೇಲೆ ಡೆಂಡ್ರಾಂತಿಮ ಅಂದರು, 1999ರಲ್ಲಿ ಮತ್ತೆ ಕ್ರೈಸಾಂತಿಮಮ್ ಮಾಡಿದರು. ಇದೇನಾ ವಿಜ್ಞಾನ?

ಬೇರುಬಿಳಲು: ಅದು ನಾಮಕರಣದ ನಿಯಮದ ಪಂಚಾಯ್ತಿ. ಕುಲ ಒಡೆದಾಗ ಹಳೇ ಹೆಸರು ಯಾವ ಚೂರಿಗೆ ಸೇರಬೇಕು ಅನ್ನೋದಷ್ಟೇ ಪ್ರಶ್ನೆ. ಸೇವಂತಿಗೆಯ ನೆಂಟರು ಯಾರು ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ.

ತಗಾದೆತಿಮ್ಮ: ಸರಿ, ಟ್ರೈಬ್‌ಗಳ ಲೆಕ್ಕ ಹೇಳಿ. 1873ರಲ್ಲಿ ಸಸ್ಯವಿಜ್ಞಾನಿ ಬೆಂಥಮ್‌ಗೆ 13 ಸಾಕಾಗಿತ್ತು. ಈಗ 40 ದಾಟಿದೆ. ಯಾರು ನೆನಪಿಡುತ್ತಾರೆ?

ಭೂತಗನ್ನಡಿ: ಈ ಮಾತಿಗೆ ಸ್ವಲ್ಪ ಹುರುಳಿದೆ. ಏಜರೇಟಂ ನೋಡಿ. ಅಂಚಿನ ಪಟ್ಟಿ ಹೂ ಇಲ್ಲ, ಬರೀ ನೀಲಿ ಕುಚ್ಚು. ಅದಕ್ಕೇ ಯುಪಟೋರಿಯೆ ಅಂತ ಬೇರೆ ಟ್ರೈಬ್ ಇಟ್ಟಿದ್ದರು. ಡಿಎನ್‌ಎ ಬಂದಮೇಲೆ ಗೊತ್ತಾಯ್ತು, ಆ ಟ್ರೈಬ್ ಹುಟ್ಟಿದ್ದೇ ಸೂರ್ಯಕಾಂತಿಯ ಟ್ರೈಬಿನ ಒಳಗಿಂದ. ಆಗ ಎರಡೇ ದಾರಿ. ಏಜರೇಟಂ ಬಳಗವನ್ನು ಸೂರ್ಯಕಾಂತಿಯ ಟ್ರೈಬಿಗೇ ಸೇರಿಸಬೇಕು, ಇಲ್ಲ ಸೂರ್ಯಕಾಂತಿಯ ಟ್ರೈಬನ್ನೇ ಹತ್ತಾರು ಚೂರು ಮಾಡಬೇಕು. ಪನೇರೋ, ಫಂಕ್ ಎಂಬ ಸಸ್ಯವಿಜ್ಞಾನಿಗಳು ಚೂರು ಮಾಡಿದರು. ವಂಶವೃಕ್ಷ ಎರಡರಲ್ಲೂ ಒಂದೇ, ಗೆರೆ ಎಲ್ಲಿ ಎಳೆಯೋದು ಅನ್ನೋದಷ್ಟೇ ಬೇರೆ. ನನ್ನ ಕೇಳಿದರೆ ಸೇರಿಸಿಬಿಡೋದೇ ವಾಸಿ ಇತ್ತು.

ಬೇರುಬಿಳಲು: ಸೇರಿಸಿದರೆ ಆ ಒಂದೇ ಟ್ರೈಬಿನಲ್ಲಿ ಐದು ಸಾವಿರ ಪ್ರಭೇದ ಆಗುತ್ತೆ ಮೇಡಂ. ಅದಕ್ಕೊಂದು ಕೀ (ಗಿಡ ಗುರುತಿಸುವ ಪಟ್ಟಿ) ಬರೆದುಕೊಡಿ, ನೋಡೋಣ.